ಮೇಲೆ ಯಾವುದು, ಕೆಳಗೆ ಯಾವುದು?

ನಮ್ಮ ಬೀದಿಗೆ ಚರಂಡಿ ಬಂದ ಕಥೆಯನ್ನು ಈ ಪುಟದಲ್ಲಿ ಹೇಳಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆ, ಮನಸ್ಸು ಹಿಂಜರಿಯುತ್ತಿತ್ತು. ವಿಷಯ ಚರಂಡಿಯದೆಂಬ ಸಂಕೋಚ ನನಗಿಲ್ಲ. ಚರಂಡಿಗಿಂತ ಕೊಳಕಾದ ಎಷ್ಟೋ ಸಂಗತಿಗಳನ್ನು ನಾವು ಸಭ್ಯವಾದ ಭಾಷೆಯಲ್ಲಿ ಬರೆಯುತ್ತಲೇ ಇದ್ದೇವೆ. ಈ ಕಥೆಯಲ್ಲಿ ಅಪರಾಧಿಯ ಪಾತ್ರ ನನ್ನ ಪಾಲಿಗೆ ಬಂದಿದೆ ಎಂಬುದೇ ಹಿಂಜರಿಕೆಗೆ ಕಾರಣ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕಾಂಕ್ರೀಟಿಗೂ ನನಗೂ ಇದ್ದ ನಂಟೆಂದರೆ ತಲೆಯ ಮೇಲಿನ ತಾರಸಿಯೊಂದೇ. ಹಿಂದೆ ನಮ್ಮ ಬೀದಿಯ ಮೋರಿಗೆ ಕಲ್ಲಿನ ಗೋಡೆ, ಕಲ್ಲಿನ ಚಪ್ಪಡಿ ಇದ್ದವು. ಅದನ್ನು ಕಿತ್ತು ಹೊಸದು ಕಟ್ಟುತ್ತಾರೆಂದಾಗ, ಇನ್ನು ಮೂರು ತಿಂಗಳು ಮರಳಿನ ರಾಶಿ, ಜಲ್ಲಿಯ ರಾಶಿ, ಬಾಗಿಲಿಗೆ ಅಡ್ಡಲಾಗಿ ಹಲಗೆ ಎಂದು ನಾವೆಲ್ಲ ಸಿದ್ಧರಾಗಿದ್ದೆವು. ಹಾಗಾಗಲಿಲ್ಲ. ಒಂದು ಬೆಳಗ್ಗೆ ಲಾರಿಯಲ್ಲಿ ಚರಂಡಿಯೇ ಬಂದಿಳಿಯಿತು: ತೊಟ್ಟಿಯನ್ನು ಉದ್ದಕ್ಕೆ ಎಳೆದಂಥ ಕಾಂಕ್ರೀಟಿನ ದೋಣಿಗಳು, ಅವುಗಳ ಮೇಲೆ ಮುಚ್ಚಲು ಮೂರಡಿ ಉದ್ದ, ಎರಡಡಿ ಅಗಲ, ಮೂರಂಗುಲ ದಪ್ಪದ ಹಾಸುಗಳು. ಕಂದಕ ತೋಡಿದರು, ದೋಣಿಗಳನ್ನು ಒಂದರ ಹಿಂದೊಂದು ಇಳಿಸಿದರು, ಸಂದುಗಳಿಗೆ ಗಾರೆ ತುಂಬಿದರು. ಹತ್ತು ದಿನದಲ್ಲಿ ಕೆಲಸ ಮುಗಿಯಿತು.

ಇಂಗ್ಲಿಷಿನಲ್ಲಿ ಇದಕ್ಕೆ ಪ್ರೀಕಾಸ್ಟ್ ಎಂದು ಹೆಸರು. ಮುಂಚಿತವಾಗಿ ಎರಕ ಹೊಯ್ದದ್ದು. ‘ಮುನ್ನೆರಕ’ ಎಂದರೆ ಕನ್ನಡದ ಕಿವಿಗೆ ಹಿತವಾಗಿರುತ್ತದೆ. ಆದರೆ ಕೆಲಸದವರು ‘ರೆಡಿಮೇಡ್’ ಎನ್ನುತ್ತಾರೆ. ಉಳಿಯುವುದು ಅವರ ಮಾತೇ ಎಂಬ ವಿಷಯದಲ್ಲಿ ನನಗೆ ಭ್ರಮೆಯಿಲ್ಲ.

ನನ್ನ ಮನೆಯ ಗೇಟಿನ ಮುಂದೆ ಹಾಸು ಹಾಕುವ ದಿನ ನಾನು ಹೊರಗೆ ನಿಂತಿದ್ದೆ. ಹಾಸಿನ ಒಂದು ಮುಖ ಕನ್ನಡಿಯಂತೆ ನುಣುಪಾಗಿತ್ತು. ಇನ್ನೊಂದು ಒರಟು, ಕರಣೆಯ ಗೆರೆಗಳು ಹಾಗೆಯೇ ಕಾಣುತ್ತಿದ್ದವು. ಒರಟು ಮುಖದ ಒಂದು ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ ಮೂರು ಅಕ್ಷರಗಳಿದ್ದುವು: ಟಾಪ್. ಅದು ಕಾರ್ಖಾನೆಯ ಹೆಸರೋ ದರ್ಜೆಯೋ ಇರಬೇಕೆಂದು ನಾನು ಭಾವಿಸಿದೆ. ಎಂ.ಎ. ಓದಿದವನು ಹಾಗೆ ಭಾವಿಸಿದನೆಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಕೆಲಸದವರು ಒರಟು ಮುಖವನ್ನು ಮೇಲಕ್ಕೆ ಮಾಡಿ ಇಡಹೊರಟಾಗ ನಾನೇ, “ಅದೇಕಪ್ಪ, ಚೆನ್ನಾಗಿರುವ ಮುಖವನ್ನು ಮಣ್ಣಿಗೆ ತೋರಿಸುತ್ತೀರಿ? ತಿರುಗಿಸಿ ಹಾಕಿ” ಎಂದೆ. ಅವರು ದೂರದ ಊರಿನಿಂದ ಬಂದ ಹುಡುಗರು. ನನ್ನ ಭಾಷೆ ಅವರದಲ್ಲ, ಹಾಸಿನ ಮೇಲಿನ ಭಾಷೆಯಂತೂ ಅವರದೂ ಅಲ್ಲ, ನನ್ನದೂ ಅಲ್ಲ. ಯಜಮಾನನಂತೆ ಕಾಣುವವನು ಕೈಸನ್ನೆ ಮಾಡಿದ; ಅವರು ತಿರುಗಿಸಿದರು. ನೋಡಲು ಅಂದವಾಗಿತ್ತು. ನೆರೆಹೊರೆಯವರೂ ನೋಡಿ ಮೆಚ್ಚಿ ತಮ್ಮ ತಮ್ಮ ಬಾಗಿಲಿಗೂ ಹಾಗೆಯೇ ಹಾಕಿಸಿಕೊಂಡರು.

ಎರಡು ತಿಂಗಳ ಮೇಲೆ ಮನೆಗೆ ಪುಸ್ತಕದ ಬೀರುಗಳನ್ನು ತರಿಸಿದೆ. ಸಣ್ಣ ಲಾರಿ ಹಿಮ್ಮುಖವಾಗಿ ಬಂದು ಹಿಂದಿನ ಗಾಲಿಯನ್ನು ಆ ಹಾಸಿನ ನಡುವೆ ನಿಲ್ಲಿಸಿತು. ಏನೂ ಆದಂತೆ ತೋರಲಿಲ್ಲ. ಆಮೇಲೆ ದಿನವೂ ನನ್ನ ಸ್ಕೂಟರು ಅದರ ಮೇಲೆಯೇ ಹತ್ತಿಳಿಯಿತು. ಮಳೆಗಾಲದ ಒಂದು ಮಧ್ಯಾಹ್ನ ಅಡಿಗೆ ಅನಿಲದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಬಂದವನು ಕಾಲಿಟ್ಟ ಕೂಡಲೆ ಹಾಸು ನಡುವೆ ಮುರಿದು, ತೆರೆದ ಪುಸ್ತಕದಂತೆ ಒಳಕ್ಕೆ ಬಾಗಿ, ಅವನ ಬಲಗಾಲನ್ನು ಮೊಣಕಾಲಿನವರೆಗೆ ನುಂಗಿತು. ಮೂಳೆ ಮುರಿದ ಸದ್ದು ನನಗೆ ವರಾಂಡಕ್ಕೆ ಕೇಳಿಸಿತು.

ಬೀದಿಯೆಲ್ಲ ಕೆರಳಿತು. ಕಳಪೆ ಕಾಮಗಾರಿ, ಸಿಮೆಂಟು ಕದ್ದಿದ್ದಾರೆ, ಕಂಬಿ ನುಂಗಿದ್ದಾರೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮನವಿಪತ್ರವನ್ನು ಬರೆಯುವ ಹೊಣೆ ಸಹಜವಾಗಿ ಕನ್ನಡದ ಮೇಷ್ಟರಿಗೆ ಬಂತು. ನಾನು ಬರೆದೆ, ಚೆನ್ನಾಗಿಯೇ ಬರೆದೆ. ‘ಅಕ್ಷಮ್ಯ’, ‘ಮಾನವೀಯತೆಗೆ ಕಳಂಕ’ ಮೊದಲಾದ ಮಾತುಗಳು ಧಾರಾಳವಾಗಿದ್ದುವು. ಮೊದಲ ಸಹಿಯೂ ನನ್ನದೇ.

ಸಹಿಗಳು ಕೂಡುವಷ್ಟರಲ್ಲಿ, ಆಧಾರವೊಂದಿದ್ದರೆ ಒಳ್ಳೆಯದೆಂದು, ಹಾಸಿನ ಒಂದು ಚೂರನ್ನು ಚೀಲದಲ್ಲಿ ಹಾಕಿಕೊಂಡು ಊರಾಚೆ ಇವುಗಳನ್ನು ಎರೆಯುವ ಅಂಗಳಕ್ಕೆ ಹೋದೆ. ಅಲ್ಲಿ ಒಬ್ಬ ವೃದ್ಧ ಮೇಸ್ತ್ರಿ ಇದ್ದ. ಚೂರನ್ನು ಕೈಯಲ್ಲಿ ಹಿಡಿದು, ಒಡೆದ ಅಂಚಿನಲ್ಲಿ ಇಣುಕುತ್ತಿದ್ದ ಕಂಬಿಯನ್ನು ಬೆರಳಿನಿಂದ ಮುಟ್ಟಿ ಕೇಳಿದ: “ಸ್ವಾಮಿ, ಇದನ್ನು ಕವುಚಿ ಹಾಕಿದ್ದು ಯಾರು?”

ಅವನು ಅಂದು ಕಲಿಸಿದ ಪಾಠವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅದುಮುವ ಬಲವನ್ನು ತಾಳುವುದರಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನಷ್ಟೆ ಎಳೆತದಲ್ಲಿ ತಾಳಬಲ್ಲದು. ಹಲಗೆಯ ಎರಡು ಕೊನೆಗಳನ್ನು ಆಧಾರದ ಮೇಲಿಟ್ಟು ನಡುವೆ ನಿಂತರೆ, ಅದು ತುಸು ಬಾಗುತ್ತದೆ. ಬಾಗಿದಾಗ ಮೇಲ್ಮೈ ಕುಗ್ಗುತ್ತದೆ, ಅಡಿಮೈ ಹಿಗ್ಗುತ್ತದೆ. ಹಿಗ್ಗುವ ಕಡೆಯೇ ಕಾಂಕ್ರೀಟಿನ ದೌರ್ಬಲ್ಯವಿರುವ ಕಡೆ. ಆದುದರಿಂದ ಎಳೆತವನ್ನು ತಾಳುವ ಉಕ್ಕಿನ ಕಂಬಿಗಳನ್ನು ಅಡಿಮೈಗೆ ಹತ್ತಿರವಾಗಿ ಹುದುಗಿಸುತ್ತಾರೆ. ತುಕ್ಕು ಹಿಡಿಯದಂತೆ ಸ್ವಲ್ಪವೇ ಕಾಂಕ್ರೀಟಿನ ಹೊದಿಕೆ ಬಿಡುತ್ತಾರೆ. ಅಚ್ಚಿನ ತಳಕ್ಕೆ ತಾಗಿ ನುಣುಪಾಗುವ ಮುಖವೇ ಈ ಅಡಿಮೈ. ಕರಣೆ ಎಳೆದ ಒರಟು ಮುಖ ಮೇಲಿನದು. ಮಳೆಯಲ್ಲಿ ಕಾಲು ಜಾರದಿರಲೂ ಅದೇ ಲೇಸು. ನಾನು ಹೇಳಿ ತಿರುಗಿಸಿದ ಹಾಸಿನಲ್ಲಿ ಉಕ್ಕೆಲ್ಲ ಮೇಲೆ ಬಂದು, ಎಳೆತ ಬೀಳುವ ಅಡಿಯಲ್ಲಿ ಬರಿಯ ಕಾಂಕ್ರೀಟು ಉಳಿದಿತ್ತು. ಲಾರಿಯ ಗಾಲಿ ನಿಂತ ದಿನವೇ ಅಡಿಯಲ್ಲಿ ಬಿರುಕು ಬಿಟ್ಟಿರಬೇಕು. ಮೇಲಿನಿಂದ ಕಾಣುವ ಬಿರುಕಲ್ಲ ಅದು. ಮೇಲ್ಪದರಕ್ಕೆ ಅಂಟಿಕೊಂಡಿದ್ದ ಸಣ್ಣ ಕಂಬಿಗಳು ಬಾಗಿಲಿನ ತಿರುಗಣಿಯಂತೆ ಎರಡು ಹೋಳುಗಳನ್ನು ಅಷ್ಟು ದಿನ ಹಿಡಿದುಕೊಂಡಿದ್ದವು.

ಮೇಸ್ತ್ರಿ ನನ್ನ ಮುಖವನ್ನು ನೋಡಿ ಏನನ್ನು ಊಹಿಸಿದನೋ ತಿಳಿಯದು. ಕಾಫಿ ತರಿಸಿ, ಅಂಗಳವನ್ನೆಲ್ಲ ತೋರಿಸಿದ. ಉಕ್ಕಿನ ಅಚ್ಚುಗಳಿಗೆ ಎಣ್ಣೆ ಸವರುವುದು, ಮೇಜನ್ನೇ ನಡುಗಿಸಿ ಗಾಳಿಗುಳ್ಳೆಗಳನ್ನು ಹೊರದೂಡುವುದು, ಬಿಚ್ಚಿದ ಹಾಸುಗಳ ಮೇಲೆ ಒದ್ದೆ ಗೋಣಿ ಹೊದಿಸಿ ಮತ್ತೆ ಮತ್ತೆ ನೀರುಣಿಸುವುದು. “ಒಣಗಲು ಎಷ್ಟು ದಿನ ಬೇಕು?” ಎಂದು ಕೇಳಿದೆ. “ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ ಸ್ವಾಮಿ, ನೀರು ಕುಡಿದು ಗಟ್ಟಿಯಾಗುತ್ತದೆ. ಬೇಗ ಒಣಗಿತೋ, ಕೆಟ್ಟಿತು” ಎಂದ. ಸಿಮೆಂಟು ನೀರಿನೊಡನೆ ಕೂಡಿ ಹೊಸ ವಸ್ತುವಾಗಿ ಮಾರ್ಪಡುವುದೇ ಆ ಗಟ್ಟಿತನ. 28 ದಿನಗಳ ಬಲವನ್ನು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಬೀದಿಯ ಬಿಸಿಲಿನಲ್ಲಿ ಇಷ್ಟು ಆರೈಕೆ ಯಾವ ಚರಂಡಿಗೂ ದೊರೆಯುವುದಿಲ್ಲ. ಮುನ್ನೆರಕದ ಹಿರಿಮೆಯಿರುವುದು ಇಲ್ಲಿ.

ಅಂಗಳದ ಇನ್ನೊಂದು ಪಕ್ಕದಲ್ಲಿ ದುಂಡನೆಯ ಕೊಳವೆಗಳು ಸಾಲಾಗಿ ಮಲಗಿದ್ದವು. ಮೇಸ್ತ್ರಿ ಅವುಗಳನ್ನು ‘ಹೂಂ ಪೈಪು’ ಎನ್ನುತ್ತಾನೆ. ರಸ್ತೆಯಡಿಯ ಮೋರಿಗೆ ಹಾಕುವ ಈ ಕೊಳವೆಯನ್ನು ನಮ್ಮ ಹಳ್ಳಿಗಳಲ್ಲಿಯೂ ಅದೇ ಹೆಸರಿನಿಂದ ಕರೆಯುವುದನ್ನು ಕೇಳಿದ್ದೇನೆ. ಅದೊಂದು ಮನುಷ್ಯನ ಹೆಸರೆಂದು ಎಷ್ಟು ಜನಕ್ಕೆ ಗೊತ್ತು? ವಾಲ್ಟರ್ ಹ್ಯೂಮ್ ಆಸ್ಟ್ರೇಲಿಯದವನು. 1910ರಲ್ಲಿ ಅವನು ಕಂಡುಹಿಡಿದ ಉಪಾಯ ಮೊಸರು ಕಡೆಯುವವರಿಗೂ ಅರ್ಥವಾಗುವಂಥದು. ಕಂಬಿಯ ಪಂಜರವನ್ನು ಒಳಗಿಟ್ಟ ಉರುಳೆಯಾಕಾರದ ಅಚ್ಚನ್ನು ಅಡ್ಡ ಮಲಗಿಸಿ, ಕಾಂಕ್ರೀಟನ್ನು ಒಳಗೆ ಹಾಕಿ, ಅಚ್ಚನ್ನು ವೇಗವಾಗಿ ಗಿರ್ರನೆ ತಿರುಗಿಸಿದರೆ ಭಾರವಾದ ಜಲ್ಲಿ ಮರಳುಗಳು ಹೊರಗೋಡೆಗೆ ಒತ್ತಿಕೊಳ್ಳುತ್ತವೆ. ಹೆಚ್ಚಾದ ನೀರು ಒಳಮೈಗೆ ಒಸರಿ ಬಿಡುತ್ತದೆ. ಉಳಿಯುವುದು ಒತ್ತಾದ, ನಯವಾದ ಕೊಳವೆ. ನಮ್ಮ ದೇಶದಲ್ಲಿ ವಾಲ್‌ಚಂದ್ ಹೀರಾಚಂದರು 1926ರಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಕಟ್ಟಿದರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಹುಟ್ಟುಹಾಕಿದ ವಾಲ್‌ಚಂದರೇ ಅವರು. ಆಕಾಶಕ್ಕಿಂತ ಮೊದಲು ಅವರ ಗಮನ ನೆಲದಡಿಗೆ ಹೋಗಿತ್ತೆಂಬುದು ನನಗೆ ಮೋಜಿನ ಸಂಗತಿಯಾಗಿ ತೋರಿತು. ಇನ್ನೂ ಹಿಂದಕ್ಕೆ ಹೋದರೆ, ಸಿಮೆಂಟಿನೊಳಗೆ ಕಬ್ಬಿಣದ ತಂತಿಯನ್ನು ಹುದುಗಿಸಿ 1867ರಲ್ಲಿ ಹಕ್ಕು ಪಡೆದ ಜೋಸೆಫ್ ಮೊನಿಯೆ ಫ್ರಾನ್ಸಿನ ಒಬ್ಬ ತೋಟಗಾರ. ಅವನಿಗೆ ಬೇಕಾಗಿದ್ದುದು ಒಡೆಯದ ಗಿಡದ ತೊಟ್ಟಿಗಳು. ಮರುವರ್ಷ ಕೊಳವೆಗಳಿಗೂ ಹಕ್ಕು ಪಡೆದ.

ಕೊಳವೆಗೆ ಮೇಲು–ಕೆಳಗಿನ ಗೊಂದಲವಿಲ್ಲ, ದುಂಡಗಿರುವುದರಿಂದ ಹೇಗೆ ಹಾಕಿದರೂ ಸರಿ ಎಂದು ನಾನು ನಿಟ್ಟುಸಿರು ಬಿಟ್ಟೆ. ಮೇಸ್ತ್ರಿ ನಕ್ಕ. ಪಂಜರ ಅಂಡಾಕಾರವಾಗಿದ್ದರೆ ಕೊಳವೆಗೂ ಮೇಲಿನ ಗುರುತು ಬೇಕಂತೆ. ಪಂಜರ ದುಂಡಗಿದ್ದರೂ ಹೂಳುವಾಗ ತಪ್ಪುವುದಕ್ಕೆ ನೂರು ದಾರಿಗಳಿವೆ. ಕೊಳವೆಯ ಒಂದು ತುದಿಯಲ್ಲಿ ಅಗಲವಾದ ಬಾಯಿರುತ್ತದೆ; ಆ ಬಾಯಿ ನೀರು ಬರುವ ದಿಕ್ಕಿಗೆ ತೆರೆದಿರಬೇಕು, ಹೂಳುವ ಕೆಲಸ ತಗ್ಗಿನ ಕಡೆಯಿಂದ ಆರಂಭವಾಗಬೇಕು. ಬಾಯಿಯ ಉಬ್ಬು ಕುಳಿತುಕೊಳ್ಳುವಷ್ಟು ಗುಂಡಿಯನ್ನು ನೆಲದಲ್ಲಿ ಪ್ರತ್ಯೇಕವಾಗಿ ತೋಡದಿದ್ದರೆ, ಕೊಳವೆ ಬಾಯಿಗಳ ಮೇಲಷ್ಟೆ ನಿಂತು ನಡುವೆ ತೂಗಾಡುತ್ತದೆ; ಮೇಲೆ ಮಣ್ಣು, ಮಣ್ಣಿನ ಮೇಲೆ ಬಸ್ಸು ಬಂದಾಗ ಬೆನ್ನು ಮುರಿಯುತ್ತದೆ. ಇಳಿಜಾರು ಕಡಿಮೆಯಾದರೆ ನೀರು ತೆವಳುತ್ತದೆ. ಕೊಳಚೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರಿನ ವೇಗದಲ್ಲಾದರೂ ಹರಿದರೆ ತನ್ನ ಹೂಳನ್ನು ತಾನೇ ಕೊಚ್ಚಿಕೊಂಡು ಹೋಗುತ್ತದೆ. ಕಾರ್ಖಾನೆಯಲ್ಲಿ ಕೊಳವೆಯನ್ನು ಯಂತ್ರದಡಿ ಇಟ್ಟು, ಕಾಲು ಮಿಲಿಮೀಟರಿನ ಬಿರುಕು ಕಾಣಿಸಿಕೊಳ್ಳುವುದು ಎಷ್ಟು ಭಾರಕ್ಕೆ ಎಂದು ಪರೀಕ್ಷಿಸುತ್ತಾರೆ. ಕಂದಕದಲ್ಲಿ ಅದನ್ನು ಮಲಗಿಸುವವನ ಕೈಯನ್ನು ಪರೀಕ್ಷಿಸುವ ಯಂತ್ರ ಅಲ್ಲಿರಲಿಲ್ಲ.

ತೆವಳುವ ಕೊಳಚೆಯ ವಿಷಯದಲ್ಲಿ ಇನ್ನೊಂದು ಮಾತು. ಕೊಳವೆ ಸವೆಯುವುದು ನೀರು ಹರಿಯುವ ತಳದಲ್ಲಿ ಎಂದು ನಾವು ಊಹಿಸುತ್ತೇವೆ. ಕೊಳಚೆಯ ಕೊಳವೆ ಬಹುಮಟ್ಟಿಗೆ ಸವೆಯುವುದು ನೆತ್ತಿಯಲ್ಲಿ. ನಿಂತ ಕೊಳಚೆಯಿಂದ ಏಳುವ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ನೆತ್ತಿಯ ತೇವದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಅದೇ ಅನಿಲ ಗುಂಡಿಗಿಳಿದ ಮನುಷ್ಯನನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ರಕ್ಷಣೆಯಿಲ್ಲದೆ ಆಳನ್ನು ಕೊಳಚೆಗುಂಡಿಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಹಾಗೆ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಏರಿಸಬೇಕಾಗಿ ಬಂತೆಂದರೆ ಇಳಿಸುವವರು ಇನ್ನೂ ಇದ್ದಾರೆಂದೇ ಅರ್ಥ. ಆ ಗುಂಡಿಗಳ ಮುಚ್ಚಳಗಳಿಗೂ ನಮ್ಮಲ್ಲಿ ದರ್ಜೆಗಳಿವೆ: ಎರಡೂವರೆ ಟನ್ನು, ಹತ್ತು, ಇಪ್ಪತ್ತು, ಮೂವತ್ತೈದು. ಕಾಲುದಾರಿಯದನ್ನು ತಂದು ಲಾರಿಯ ದಾರಿಗೆ ಹಾಕಿದರೆ ದರ್ಜೆ ಬರೆದಿದ್ದೂ ವ್ಯರ್ಥ.

ಮನೆಗೆ ಬಂದು ಮನವಿಪತ್ರವನ್ನು ಹರಿದುಹಾಕಿದೆ. ಸಹಿ ಮಾಡಿದ್ದವರಿಗೆ ಕಾರಣ ಹೇಳಬೇಕಾಯಿತು, ಹೇಳಿದೆ. ಒಬ್ಬಿಬ್ಬರು ನಕ್ಕರು. ಒಬ್ಬರು, “ಕೆಲಸ ಮಾಡಿಸುವವರು ಅಲ್ಲಿ ನಿಂತು ನೋಡಬೇಕಿತ್ತು, ನಿಮ್ಮದೇನು ತಪ್ಪು?” ಎಂದರು. ಆ ಮಾತು ಸುಳ್ಳಲ್ಲ. ಆದರೆ ಅಂದು ಅಲ್ಲಿ ನಿಂತು ನೋಡಿದವನು ನಾನೊಬ್ಬನೇ.

ಮರುದಿನ ಕಾಲು ಮುರಿದುಕೊಂಡವನ ಮನೆಗೆ ಹೋದೆ. ಬಿಲ್ಲುಗಳನ್ನು ಅದಕ್ಕೂ ಮೊದಲೇ ಕೊಟ್ಟಿದ್ದೆ. ಆಗ ಅದು ಔದಾರ್ಯವೆಂದು ಅವನೂ ಭಾವಿಸಿದ್ದ, ಗುಟ್ಟಾಗಿ ನಾನೂ ಭಾವಿಸಿದ್ದೆ. ಈಗ ನಡೆದುದನ್ನು ನಡೆದಂತೆ ಹೇಳಿದೆ: ನುಣುಪು ಮುಖ, ಕೆಂಪು ಅಕ್ಷರ, ಕೈಸನ್ನೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬೈಯುವನೆಂದು ಕಾದೆ. ಅವನು ಸ್ವಲ್ಪ ಹೊತ್ತು ಸುಣ್ಣದ ಪಟ್ಟು ಹಾಕಿದ ಕಾಲನ್ನೇ ನೋಡುತ್ತಿದ್ದು, “ಹಾಗಾದರೆ ಉಳಿದ ಮನೆಗಳ ಮುಂದೆ ಇರುವುವೂ ಹಾಗೆಯೇ ಇವೆಯೋ? ಆ ಬೀದಿಗೆ ಈಗ ನನ್ನ ತಮ್ಮ ಹೋಗುತ್ತಾನೆ” ಎಂದ.

ಆ ಭಾನುವಾರ ಮೇಸ್ತ್ರಿಯನ್ನೂ ನಾಲ್ವರು ಆಳುಗಳನ್ನೂ ಕರೆತಂದೆ. ಒಂದೊಂದು ಹಾಸೂ ಸುಮಾರು ಒಂದು ಕ್ವಿಂಟಲ್ ತೂಕದ್ದು. ಹಾರೆ ಹಾಕಿ ಎಬ್ಬಿಸಿ ಒಂದೊಂದನ್ನೇ ತಿರುಗಿಸಿದರು. ನನ್ನದನ್ನು ನೋಡಿ ಕವುಚಿ ಹಾಕಿಸಿಕೊಂಡಿದ್ದವು ಒಟ್ಟು ಹನ್ನೊಂದು. ಅವುಗಳಲ್ಲಿ ನಾಲ್ಕರ ಅಡಿಯಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ, ಕೂದಲೆಳೆಯಂಥ ಬಿರುಕು ಓಡಿತ್ತು. ಒಂದು ಶಿಶುವಿಹಾರದ ಬಾಗಿಲಿನದು. ಆ ನಾಲ್ಕನ್ನು ಒಡೆದುಹಾಕಿ ಹೊಸದನ್ನು ತರಿಸಿದೆವು. ಮೇಸ್ತ್ರಿ ಈಗ ಪ್ರತಿಯೊಂದರ ಒರಟು ಮುಖದಲ್ಲಿ ಕೆಂಪು ಬಣ್ಣದಿಂದ ‘ಮೇಲೆ’ ಎಂದು ಕನ್ನಡದಲ್ಲಿ ಬರೆಯಿಸುತ್ತಾನೆ. ದೂರದ ಹುಡುಗರಿಗಾಗಿ ಪಕ್ಕದಲ್ಲಿ ಒಂದು ಸೂರ್ಯನ ಚಿತ್ರ. ಮೊದಲ ದಿನ ‘ಮೇಲೆ’ಯ ದೀರ್ಘ ಬಿಟ್ಟುಹೋಗಿತ್ತು, ನಾನು ತಿದ್ದಿಕೊಟ್ಟೆ.