ಕಲಾವಿದನಿಗೆ ಸೂರು: ದಯೆಯೋ, ಕರಾರೋ?

ತಮ್ಮ ನೆರೆಹೊರೆಯ ಜನರ ಉಪಯೋಗಕ್ಕೆ ಒದಗುವ ಚಿತ್ರಕಾರರಿಗೂ ಶಿಲ್ಪಿಗಳಿಗೂ ಕಡಿಮೆ ಬಾಡಿಗೆಯ ಮನೆಗಳನ್ನು ಕೊಡುವುದು. ಅದಕ್ಕೆ ಪ್ರತಿಯಾಗಿ ಅವರು ಆ ಕೇರಿಯ ಮಕ್ಕಳಿಗೆ ಕಲಿಸುವುದು, ಸಾರ್ವಜನಿಕ ಗೋಡೆಗಳಿಗೆ ಚಿತ್ರ ಬರೆಯುವುದು, ಹಬ್ಬಹರಿದಿನಗಳಿಗೆ ಕೈನೀಡುವುದು ಮೊದಲಾದ ಸೇವೆ ಸಲ್ಲಿಸುವುದು. ಇಂತಹ ಏರ್ಪಾಡುಗಳು ಪರದೇಶದ ಕೆಲವು ನಗರಗಳಲ್ಲಿ ನಡೆದುಬಂದಿವೆ. ನಮ್ಮಲ್ಲಿಯೂ ಇಂಥದು ಬೇಕೆ, ಬೇಕಾದರೆ ಯಾವ ರೀತಿಯದಾಗಬೇಕು ಎಂಬುದು ವಿಚಾರಾರ್ಹವಾದ ವಿಷಯ. ಹೋಟೆಲಿನಲ್ಲಿ ದುಡಿಯುವವನಿಗೂ ಕಚೇರಿಯ ಗುಮಾಸ್ತನಿಗೂ ಇದರ ಗೊಡವೆ ಏಕೆಂದು ನಮ್ಮ ವಾಚಕರು ಕೇಳಬಹುದು. ಈ ವಿಷಯದಲ್ಲಿ ತೀರ್ಪು ಹೇಳಲು ಅವರಿಗಿಂತ ಅರ್ಹರು ಬೇರೆ ಯಾರೂ ಇಲ್ಲವೆಂಬುದೇ ನಮ್ಮ ಉತ್ತರ.

ಸೇವೆಗೆ ಪ್ರತಿಯಾಗಿ ಸೂರು ಎಂದರೇನೆಂಬುದು ನಮ್ಮ ಜನಕ್ಕೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಲ್ಲ. ಊಟ, ವಸತಿ ಮತ್ತು ಸಂಬಳ ಎಂಬ ಕರಾರಿನ ಮೇಲೆ ಊರು ಬಿಟ್ಟು ಬಂದವರು ನಾವು. ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತಿದ್ದುದರಿಂದ ಆ ಕರಾರಿನ ಎರಡು ಮಗ್ಗುಲನ್ನೂ ನಾವು ಬಲ್ಲೆವು. ಹೊಸದಾಗಿ ರೈಲಿನಿಂದ ಇಳಿದ ಹುಡುಗನಿಗೆ ಹೋಟೆಲಿನ ಅಟ್ಟವು ತಾಯಿಯ ಮಡಿಲಿದ್ದಂತೆ. ಅದಿಲ್ಲದಿದ್ದರೆ ಅವನು ಬೀದಿಪಾಲು. ಆದರೆ ಅದೇ ಅಟ್ಟವು ಅವನ ಬಾಯಿಗೆ ಬೀಗವೂ ಹೌದು. ಬೆಳಿಗ್ಗೆ ಕೆಲಸ ಹೋದರೆ ರಾತ್ರಿಗೆ ಚಾಪೆಯೂ ಹೋಯಿತು. ಮಲಗುವ ಸ್ಥಳವೇ ದುಡಿಯುವ ಸ್ಥಳವಾದುದರಿಂದ ಕೆಲಸದ ಹೊತ್ತಿಗೆ ಅಂತ್ಯವಿಲ್ಲ. ಧಣಿ ಒಳ್ಳೆಯವನೋ ಕೆಟ್ಟವನೋ ಎಂಬುದು ಇಲ್ಲಿ ಮುಖ್ಯವಲ್ಲ. ಬರಹದಲ್ಲಿಲ್ಲದ ಕರಾರು ಧಣಿಯ ಮನಸ್ಸಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದೇ ಮುಖ್ಯ.

ಹೌರಾ ಘಾಟಿನಲ್ಲಿ ಲಾಂಚು ಹತ್ತಿ ಹೂಗ್ಲಿಯ ಆಚೆ ದಡದ ಶೋಭಾಬಜಾರಿನಲ್ಲಿ ಇಳಿದರೆ ಕಾಲ್ನಡಿಗೆಯ ದೂರದಲ್ಲಿಯೇ ಕುಮಾರಟುಲಿ ಸಿಕ್ಕುವುದು. ಹೆಸರೇ ಹೇಳುವಂತೆ ಅದು ಕುಂಬಾರರ ಕೇರಿ. 1757ರ ಪ್ಲಾಸಿ ಕದನದ ತರುವಾಯ ಕಲಕತ್ತೆ ಬೆಳೆದಂತೆ ಒಂದೊಂದು ಕಸುಬಿಗೆ ಒಂದೊಂದು ಕೇರಿ ಏರ್ಪಟ್ಟಿತು. ಅವುಗಳಲ್ಲಿ ಇಂದಿಗೂ ತನ್ನ ಕಸುಬನ್ನು ಉಳಿಸಿಕೊಂಡಿರುವ ಕೇರಿಗಳಲ್ಲಿ ಇದು ಪ್ರಮುಖವಾದುದು. ಬಂಗಾಳದ ದುರ್ಗೆ, ಕಾಳಿ, ಸರಸ್ವತಿಯರು ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಬಿದಿರು, ಹುಲ್ಲು, ಜೇಡಿಮಣ್ಣುಗಳಿಂದ ರೂಪು ತಾಳುತ್ತಾರೆ. ಮಣ್ಣು ನಮ್ಮ ಹೌರಾ ಜಿಲ್ಲೆಯ ಉಲುಬೇಡಿಯಾ ಕಡೆಯಿಂದ ದೋಣಿಯಲ್ಲಿ ಬರುತ್ತದೆ. ದೇವಿಯ ತಲೆಗೆ ಬೇಕಾದ ಸೆಣಬಿನ ಕೂದಲನ್ನು ಇದೇ ಜಿಲ್ಲೆಯ ಮುಸಲ್ಮಾನ ಕುಟುಂಬಗಳು ಸಿದ್ಧಪಡಿಸುತ್ತವೆ. ಲಕ್ಷಾಂತರ ಜನರಿಗೆ ವರ್ಷ ವರ್ಷವೂ ದೇವರನ್ನು ಮಾಡಿಕೊಡುವ ಈ ಕಲಾವಿದರು ಲೋಕಸೇವೆ ಮಾಡುತ್ತಿಲ್ಲವೆಂದು ಯಾರು ಹೇಳಬಲ್ಲರು?

ಆದರೆ ಅವರ ವಸತಿ ಹೇಗಿದೆ? ತಗಡು, ಹಂಚು, ಪ್ಲಾಸ್ಟಿಕ್ ಹೊದಿಕೆಗಳ ಕೆಳಗೆ ಕೆಲಸ. ಅದರ ಪಕ್ಕದಲ್ಲಿಯೋ ಮೇಲಿನ ಅಟ್ಟದಲ್ಲಿಯೋ ಸಂಸಾರ. ಹಬ್ಬದ ಕೆಲಸವೆಲ್ಲ ಮಳೆಗಾಲದಲ್ಲಿಯೇ ನಡೆಯಬೇಕಾದುದರಿಂದ ಸೋರುವ ಸೂರೆಂದರೆ ಹಾಳಾದ ಪ್ರತಿಮೆಯೆಂದೇ ಅರ್ಥ. ಹಂಗಾಮು ಬಂದಾಗ ನದಿಯಾ ಮುಂತಾದ ಜಿಲ್ಲೆಗಳಿಂದ ಬರುವ ಕಾರಿಗರರು ಅರ್ಧ ಒಣಗಿದ ಪ್ರತಿಮೆಗಳ ನಡುವೆಯೇ ಚಾಪೆ ಹಾಸಿ ಮಲಗುತ್ತಾರೆ. ನಮ್ಮ ಹೋಟೆಲಿನ ಹುಡುಗರಿಗೂ ಅವರಿಗೂ ಅಂತರವೇನು? ಇವರು ದೋಸೆ ಹುಯ್ಯುತ್ತಾರೆ, ಅವರು ಮಣ್ಣು ಮೆತ್ತುತ್ತಾರೆ, ಅಷ್ಟೆ.

ಈ ಕೇರಿಯನ್ನು ಸುಧಾರಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2005ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಅಡಿಯಲ್ಲಿ ಕುಮಾರಟುಲಿಯ ಗುಡಿಸಲುಗಳನ್ನು ತೆಗೆದು, ಮನೆ ಮತ್ತು ಕಾರ್ಯಾಗಾರಗಳೆರಡನ್ನೂ ಒಳಗೊಂಡ ಮಹಡಿಯ ಕಟ್ಟಡಗಳನ್ನು ಎಬ್ಬಿಸಬೇಕೆಂದು ಯೋಚಿಸಲಾಯಿತು. ಕೆಲವು ಕುಟುಂಬಗಳು ತಮ್ಮ ಠಾವು ಬಿಟ್ಟು ತಾತ್ಕಾಲಿಕ ಗೋದಾಮಿಗೆ ತೆರಳಿದವು. ಎಲ್ಲರೂ ಒಪ್ಪಲಿಲ್ಲ. ಬಿಟ್ಟುಕೊಟ್ಟ ನೆಲದಷ್ಟೇ ನೆಲ ಮರಳಿ ದೊರೆಯುವುದೇ ಎಂಬ ಶಂಕೆ ಅನೇಕರಲ್ಲಿತ್ತು. 2011ರಲ್ಲಿ ರಾಜ್ಯದ ಸರ್ಕಾರ ಬದಲಾಯಿತು, ಯೋಜನೆ ಕೈಗೂಡಲಿಲ್ಲ. ನಂಬಿ ಹೊರಟವರು ತಾತ್ಕಾಲಿಕವೆಂದು ಹೇಳಿದ ಸ್ಥಳದಲ್ಲಿಯೇ ವರ್ಷಗಟ್ಟಲೆ ದಿನ ನೂಕಬೇಕಾಯಿತು. ಇನ್ನೊಬ್ಬರಿಗೆ ಸ್ಥಳ ಬಿಡುವ ಮೊದಲು ಮರಳಿ ಬರುವ ದಿನವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕೆಂಬ ಪಾಠ ಇದರಿಂದ ಸ್ಪಷ್ಟವಾಗುವುದು.

ಇದಕ್ಕಿಂತ ಆಳವಾದ ತೊಡಕೊಂದುಂಟು. ಮನೆ ಹಂಚುವಾಗ ಯಾರ ಹೆಸರನ್ನು ಪಟ್ಟಿಯಲ್ಲಿ ಬರೆಯುವುದು? ಕಲಕತ್ತೆ ಮತ್ತು ಹೌರಾಗಳ ಬಸ್ತಿಗಳಲ್ಲಿ ವಾಸಿಸುವ ನಮ್ಮವರಿಗೆ ಠೀಕಾ ಹಿಡುವಳಿಯ ಪರಿಚಯ ಇದ್ದೇ ಇದೆ. ನೆಲ ಒಬ್ಬನದು, ಅದರ ಮೇಲೆ ಗುಡಿಸಲು ಕಟ್ಟಿದವನು ಇನ್ನೊಬ್ಬ ಠೀಕಾದಾರ, ಆ ಗುಡಿಸಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇರುವ ಭಾಡಾಟಿಯಾ ಮೂರನೆಯವನು. 1981ರ ಕಾಯಿದೆಯಿಂದ ಇಂತಹ ನೆಲವೆಲ್ಲ ಸರ್ಕಾರದ ವಶವಾಗಿ, ಠೀಕಾದಾರನು ನೇರವಾಗಿ ಸರ್ಕಾರದ ಒಕ್ಕಲಾದನು. ಭಾಡಾಟಿಯಾ ಮಾತ್ರ ಠೀಕಾದಾರನ ಬಾಡಿಗೆದಾರನಾಗಿಯೇ ಉಳಿದನು. ಉಪಕಾರವು ಮೇಲಿನಿಂದ ಇಳಿಯುತ್ತ ನಡುಮೆಟ್ಟಿಲಲ್ಲಿ ನಿಂತುಬಿಡುವುದು ಹೀಗೆಯೇ. ಕಲಾವಿದರಿಗೆ ಮನೆ ಎಂದಾಗ ಕಾರ್ಯಾಗಾರದ ಯಜಮಾನನಿಗೆ ಮನೆ ದೊರೆತು, ಬಾಡಿಗೆಯ ರಸೀದಿಯಿಲ್ಲದ ಕಾರಿಗರನು ಮತ್ತೆ ಪ್ರತಿಮೆಯ ಕಾಲಬುಡದಲ್ಲಿಯೇ ಮಲಗುವುದಾದರೆ ಅದನ್ನು ಸುಧಾರಣೆಯೆಂದು ಕರೆಯಲು ನಾವು ಒಪ್ಪಲಾರೆವು.

ಹಣವಿಲ್ಲವೆಂಬ ಮಾತನ್ನು ನಂಬುವುದು ಕಷ್ಟ. 2021ರ ಡಿಸೆಂಬರ್ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆಯು ಕಲಕತ್ತೆಯ ದುರ್ಗಾಪೂಜೆಯನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಪೂಜಾ ಸಮಿತಿಗಳಿಗೆ ರಾಜ್ಯ ಸರ್ಕಾರವು 2018ರಲ್ಲಿ ತಲಾ 10,000 ರೂಪಾಯಿಗಳಂತೆ ಕೊಡಲಾರಂಭಿಸಿದ ಸಹಾಯಧನವು 2025ರಲ್ಲಿ 1,10,000 ರೂಪಾಯಿಗಳಿಗೆ ಏರಿತು. ಚಪ್ಪರಕ್ಕೂ ದೀಪಕ್ಕೂ ಹಣ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಐದು ದಿನ ನಿಲ್ಲುವ ಚಪ್ಪರಕ್ಕೆ ದೊರೆತ ಆಸ್ಥೆಯಲ್ಲಿ ಒಂದು ಪಾಲು, ವರ್ಷವಿಡೀ ನಿಲ್ಲಬೇಕಾದ ಸೂರಿಗೂ ದೊರೆಯಲಿ ಎಂಬುದೇ ನಮ್ಮ ಕೇಳಿಕೆ.

ಈ ನಿರಾಶೆಯ ಪಕ್ಕದಲ್ಲಿಯೇ ಆಶಾದಾಯಕವಾದ ಒಂದು ನಿದರ್ಶನವೂ ಇದೆ. ಹೌರಾದಿಂದ ಖರಗಪುರದ ಮಾರ್ಗದಲ್ಲಿ ಬಾಲಿಚಕ್ ನಿಲ್ದಾಣದಲ್ಲಿಳಿದು ಪಿಂಗ್ಲಾ ಕಡೆಗೆ ಹೋದರೆ ನಯಾ ಎಂಬ ಹಳ್ಳಿ ಇದೆ. ಅಲ್ಲಿನ ಪಟುವಾ ಜನರು ಉದ್ದನೆಯ ಪಟಗಳ ಮೇಲೆ ಕಥೆಗಳನ್ನು ಚಿತ್ರಿಸಿ, ಅದನ್ನು ಬಿಚ್ಚುತ್ತ ಹಾಡಿ ತೋರಿಸುವವರು. ಧರ್ಮದಿಂದ ಮುಸಲ್ಮಾನರಾದ ಇವರು ರಾಮಾಯಣವನ್ನೂ ಚಿತ್ರಿಸುತ್ತಾರೆ, ಸುನಾಮಿಯನ್ನೂ ಚಿತ್ರಿಸುತ್ತಾರೆ, ರೋಗನಿವಾರಣೆಯ ತಿಳಿವಳಿಕೆಯನ್ನೂ ಹಾಡುತ್ತಾರೆ. 2010ರಿಂದ ಅಲ್ಲಿ ವರ್ಷಕ್ಕೊಮ್ಮೆ ಪಟಚಿತ್ರಗಳ ಜಾತ್ರೆ ನಡೆಯುತ್ತ ಬಂದಿದೆ; ಮನೆಯ ಗೋಡೆಗಳೇ ಚಿತ್ರಶಾಲೆ, ಜಗುಲಿಗಳೇ ಅಂಗಡಿ. ಕಲಾವಿದನನ್ನು ಅವನ ಸ್ಥಳದಿಂದ ಎಬ್ಬಿಸದೆ, ಗಿರಾಕಿಯನ್ನೇ ಅವನ ಮನೆಬಾಗಿಲಿಗೆ ಕರೆತಂದುದೇ ಇದರ ಗುಟ್ಟು.

ನಮ್ಮ ಕನ್ನಡಿಗರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಬೇಲೂರಿನ ಗುಡಿಗೆ ಬಳ್ಳಿಗಾವೆಯಿಂದ ಬಂದು ದುಡಿದ ದಾಸೋಜ, ಚಾವಣ ಎಂಬ ತಂದೆಮಕ್ಕಳು ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಉಳಿಸಿಹೋದರು. ಊರು ಬಿಟ್ಟು ದುಡಿಯುವುದು ನಮ್ಮಲ್ಲಿ ಹೊಸದಲ್ಲ. ಸಮೀಪ ಕಾಲದಲ್ಲಿ, 1966ರಲ್ಲಿ, ಮದರಾಸಿನ ಹೊರಗೆ ಕಡಲ ತೀರದಲ್ಲಿ ಕೆ. ಸಿ. ಎಸ್. ಪಣಿಕ್ಕರರ ನೇತೃತ್ವದಲ್ಲಿ ಚೋಳಮಂಡಲ ಎಂಬ ಕಲಾವಿದರ ಗ್ರಾಮ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್ ಒಬ್ಬರು. ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿದವರು ಇವರೇ. ಈ ಕಲಾವಿದರು ಯಾರ ದಾನಕ್ಕೂ ಕೈಯೊಡ್ಡಲಿಲ್ಲ. ಬಾಟಿಕ್ ಬಟ್ಟೆ ಮುಂತಾದ ಕೈಕೆಲಸಗಳನ್ನು ಮಾರಿ ಬಂದ ಹಣದಿಂದ ಸುಮಾರು 10 ಎಕರೆ ನೆಲವನ್ನು ಕೊಂಡರು. ಹಗಲಿನ ಒಂದು ಪಾಲು ಹೊಟ್ಟೆಗೆ, ಉಳಿದುದು ಕಲೆಗೆ ಎಂದು ನಿಯಮ ಮಾಡಿಕೊಂಡರು. ನೆಲ ತಮ್ಮದಾದುದರಿಂದ ಅವರನ್ನು ಎಬ್ಬಿಸುವವರಿರಲಿಲ್ಲ. ಆದರೆ ಅಂದಿನ ಅಗ್ಗದ ಮರಳುನೆಲ ಇಂದಿನ ಕಲಾವಿದನ ಕೈಗೆಟುಕುವ ಬೆಲೆಯದಲ್ಲ. ಹೌರಾದಂತಹ ಇಕ್ಕಟ್ಟಾದ ಪಟ್ಟಣದಲ್ಲಿಯಂತೂ ಆ ಮಾರ್ಗ ದುರ್ಗಮವೇ ಸರಿ.

ಪರದೇಶದ ಎರಡು ಅನುಭವಗಳನ್ನೂ ಗಮನಿಸಬೇಕು. ನ್ಯೂಯಾರ್ಕಿನಲ್ಲಿ ಹಿಂದೆ ಬೆಲ್ ಟೆಲಿಫೋನ್ ಕಂಪೆನಿಯ ಪ್ರಯೋಗಶಾಲೆಯಾಗಿದ್ದ ಕಟ್ಟಡವನ್ನು 1970ರಲ್ಲಿ ‘ವೆಸ್ಟ್‌ಬೆತ್’ ಎಂಬ ಹೆಸರಿನಿಂದ ಕಲಾವಿದರ 384 ಮನೆಗಳನ್ನಾಗಿ ಮಾರ್ಪಡಿಸಿದರು. ಬಾಡಿಗೆ ಕಡಿಮೆ, ವಾಸ ನಿಶ್ಚಿಂತೆ. ಪರಿಣಾಮವಾಗಿ ಒಳಗೆ ಬಂದವರು ಹೊರಡದೆ ಅಲ್ಲಿಯೇ ಮುಪ್ಪಾದರು. ಕಾಯುವವರ ಪಟ್ಟಿಯನ್ನೇ ಅನೇಕ ವರ್ಷಗಳ ಕಾಲ ಮುಚ್ಚಿಡಬೇಕಾಯಿತು. ಹೂಸ್ಟನ್ ನಗರದಲ್ಲಿ 1993ರಲ್ಲಿ ರಿಕ್ ಲೋ ಮತ್ತವರ ಸಂಗಡಿಗರು ಕರಿಯ ಜನರ ಬಡಕೇರಿಯೊಂದರ 22 ಪಾಳುಮನೆಗಳನ್ನು ದುರಸ್ತಿ ಮಾಡಿದರು. ಕೆಲವು ಮನೆಗಳು ಕಲಾವಿದರ ಕೆಲಸಕ್ಕೆ, ಕೆಲವು ಗಂಡನ ಆಸರೆಯಿಲ್ಲದೆ ಮಕ್ಕಳನ್ನು ಸಾಕುವ ತಾಯಂದಿರ ವಾಸಕ್ಕೆ. ಕಲಾವಿದನಿಗೆ ಸೌಕರ್ಯ ಮಾಡಿಕೊಡಲು ಬಡವನನ್ನು ಹೊರದೂಡದೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಇರಿಸಿದ್ದು ಇದರ ವೈಶಿಷ್ಟ್ಯ. ಮೊದಲನೆಯದರಿಂದ ನಿಶ್ಚಿಂತೆಯ ಬೆಲೆಯನ್ನೂ ಎರಡನೆಯದರಿಂದ ನೆರೆಹೊರೆಯ ಬೆಲೆಯನ್ನೂ ನಾವು ಕಲಿಯಬೇಕು.

ಇವೆಲ್ಲವನ್ನೂ ತೂಗಿನೋಡಿದರೆ ಕೆಲವು ಸೂತ್ರಗಳು ಸಿದ್ಧವಾಗುತ್ತವೆ. ಸೇವೆಯು ಬಾಡಿಗೆಯ ಇನ್ನೊಂದು ಹೆಸರಾಗಬಾರದು. ವಾರಕ್ಕೆ ಇಷ್ಟು ಗಂಟೆ ಎಂದು ಬರಹದಲ್ಲಿರಬೇಕು, ಅದಕ್ಕೆ ಮೀರಿದ ದುಡಿಮೆಗೆ ಕೂಲಿ ಸಲ್ಲಬೇಕು. ಕೆಲಸ ಮಾಡುವ ಸ್ಥಳ ಮನೆಯ ಬಳಿಯಲ್ಲಿಯೇ, ಪ್ರತಿಮೆ ಮಾಡುವವನಿಗಂತೂ ನೆಲಮಟ್ಟದಲ್ಲಿಯೇ ಇರಬೇಕು. ಹತ್ತಡಿಯ ದುರ್ಗೆ ಮಹಡಿಯ ಮೆಟ್ಟಿಲಿಳಿದು ಬರಲಾರಳು. ಯಜಮಾನನಂತೆ ಕೈಯಾಳಿಗೂ ಪಟ್ಟಿಯಲ್ಲಿ ಹೆಸರಿರಬೇಕು. ಸೇವೆ ನಿಂತ ದಿನವೇ ಸೂರು ತಪ್ಪಬಾರದು. ಕಾಯಿಲೆ ಬಿದ್ದವನಿಗೂ ಬೇರೆಡೆ ಹೋಗಬೇಕಾದವನಿಗೂ ತಕ್ಕ ಗಡುವು ಇರಬೇಕು. ಹಾಗೆಯೇ ಒಬ್ಬರೇ ಶಾಶ್ವತವಾಗಿ ಮನೆಯನ್ನು ಹಿಡಿದಿಡದಂತೆ ಹೊಸಬರಿಗೆ ಸರದಿಯೂ ಇರಬೇಕು.

ಇದನ್ನೆಲ್ಲ ಸರ್ಕಾರವೇ ಮಾಡಲೆಂದು ಕಾದು ಕುಳಿತಿರಬೇಕಾಗಿಲ್ಲ. ಪರಸ್ಥಳದ ಕನ್ನಡ ಸಂಘಗಳಲ್ಲಿ ವರ್ಷಕ್ಕೆ ನಾಲ್ಕು ದಿನ ತೆರೆದು ಉಳಿದಂತೆ ಬೀಗ ಹಾಕಿರುವ ಕೋಣೆಗಳು ಇಲ್ಲದಿಲ್ಲ. ಅಂತಹ ಒಂದು ಕೋಣೆಯನ್ನು ಊರಿನಿಂದ ಬರುವ ಬಡ ಚಿತ್ರಕಾರನೊಬ್ಬನಿಗೆ ಒಂದು ವರ್ಷದ ಮಟ್ಟಿಗೆ ಅಲ್ಪ ಬಾಡಿಗೆಗೆ ಕೊಟ್ಟು, ವಾರಕ್ಕೆ ಎರಡು ಸಂಜೆ ನಮ್ಮ ಮಕ್ಕಳ ಕೈಗೆ ಕುಂಚ ಕೊಡಿಸಬಹುದು. ನಾಟಕದ ಪರದೆ, ಗಣೇಶನ ಹಬ್ಬದ ಮಂಟಪ ಇವುಗಳ ಕೆಲಸಕ್ಕೆ ಬೇರೆಯಾಗಿ ಸಂಭಾವನೆ ಕೊಡಬೇಕು. ಹುಡುಗನು ನಮ್ಮವನೇ, ಬರಹವೇಕೆ ಎಂದು ಕಾರ್ಯಕಾರಿ ಸಮಿತಿಯ ಹಿರಿಯರು ಕೇಳಬಹುದು. ನಮ್ಮವನಾದುದರಿಂದಲೇ ಬರಹ ಬೇಕು. ಸಂಕೋಚದಿಂದ ಕೇಳಲಾರದೆ ಹೋಗುವವನು ಪರಕೀಯನಲ್ಲ, ನಮ್ಮವನೇ.

ಆ ಕರಾರಿನ ಕರಡನ್ನು ಬರೆಯುವ ದಿನ ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳೊಡನೆ ಹೋಟೆಲಿನ ಅಟ್ಟದಲ್ಲಿ ಹತ್ತು ವರ್ಷ ಮಲಗಿದ ಒಬ್ಬ ಕೆಲಸಗಾರನನ್ನೂ ಕುಳ್ಳಿರಿಸಿಕೊಳ್ಳಲಿ. ಯಾವ ಷರತ್ತು ಬಿಟ್ಟುಹೋಗಿದೆ ಎಂಬುದನ್ನು ಅವನಷ್ಟು ಬೇಗ ಬೇರೆ ಯಾರೂ ತೋರಿಸಿಕೊಡಲಾರರು.