ನೋವಿಗೆ ಸಾಕ್ಷಿ ಬೇಕೇ?

ಶಿರಗುಪ್ಪಿಯ ಎರೆಹೊಲಗಳಲ್ಲಿ ಹತ್ತಿ ಬಿಡಿಸಲು ಹೋಗುವ ನನ್ನ ದೂರದ ಸಂಬಂಧದ ಅಕ್ಕನೊಬ್ಬಳಿದ್ದಾಳೆ. "ಮೈತುಂಬ ಕೆಂಡ ಸುರದಂಗ ಆಗತೈತೋ ತಮ್ಮಾ. ರಾತ್ರಿಯೆಲ್ಲಾ ಮಲಗಿರ್ತೀನಿ, ಮುಂಜಾನಿ ಏಳೂದರಾಗ ದುಡದು ಬಂದಂಗ ದಣಿದಿರ್ತೀನಿ" ಎಂದು ಅವಳು ಎರಡು ವರ್ಷ ಹೇಳಿದಳು. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆಯಾಯಿತು, ಎಕ್ಸ್-ರೇ ಆಯಿತು. ಎಲ್ಲವೂ ಸರಿಯಾಗಿದೆ ಎಂಬ ಕಾಗದ ಬಂದಿತು. ಆ ಕಾಗದದಿಂದ ನೋವು ಹೋಗಲಿಲ್ಲ, ಅವಳ ಮಾತಿನ ಬೆಲೆ ಮಾತ್ರ ಹೋಯಿತು. ಗಂಡ ಮೈಗಳ್ಳಿ ಎಂದ. ಅತ್ತೆ ಸೋಗು ಎಂದಳು. ನಾಚಿಕೆಯಿಂದ ಒಪ್ಪುತ್ತೇನೆ: ನಾಲ್ಕು ಅಕ್ಷರ ಕಲಿತ ನಾನೂ "ಎಲ್ಲಾ ಮನಸಿಂದು, ಚಿಂತಿ ಬಿಡು" ಎಂದು ಉಪದೇಶ ಮಾಡಿ ಬಂದೆ. ಕೊನೆಗೆ ಒಬ್ಬ ವೈದ್ಯರು ಅರ್ಧ ತಾಸು ಕೂತು ಕೇಳಿದರು. ಇದು ಫೈಬ್ರೊಮಯಾಲ್ಜಿಯ ಎಂದರು.

ಹೆಸರು ಹೊಸದೆನಿಸಬಹುದು, ಬೇನೆ ಹಳೆಯದು. 1904ರಲ್ಲಿಯೇ ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ 'ಫೈಬ್ರೊಸೈಟಿಸ್' ಎಂದು ಹೆಸರಿಟ್ಟ. ಸ್ನಾಯುವಿನ ನಾರುಗಳಲ್ಲಿ ಉರಿಯೂತವಿದೆಯೆಂದು ಅವನ ಊಹೆ. ಹುಡುಕಿದವರಿಗೆ ಉರಿಯೂತ ಸಿಗಲಿಲ್ಲ. ಕೆಡುಕು ನೋವಿನ ಸುದ್ದಿಯನ್ನು ಒಯ್ಯುವ ನರಗಳಲ್ಲಿ ಮತ್ತು ಅದನ್ನು ಕೇಳುವ ಮಿದುಳಿನಲ್ಲಿದೆ ಎಂಬುದು ಇಂದಿನ ತಿಳಿವು. ಜಾತ್ರೆಯ ಧ್ವನಿವರ್ಧಕದ ಕಿವಿಯನ್ನು ಯಾರೋ ಪೂರ್ತಿ ತಿರುವಿಬಿಟ್ಟರೆ ಪಿಸುಮಾತೂ ಕೂಗಾಗುವುದಿಲ್ಲವೇ? ಹಾಗೆ. ಎಲುಬಿನ ಚಿತ್ರ ತೆಗೆದರೆ ಈ ಕೂಗು ಅದರಲ್ಲಿ ಕಂಡೀತು ಹೇಗೆ?

ಪುರಾವೆ ಎಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟು: ಮಾತೇ ಪುರಾವೆ. ಇದು ಕನ್ನಡ ಮಾಸ್ತರನ ಭಾವುಕತೆಯೆಂದು ನಗಬೇಡಿ. 1975ರಲ್ಲಿ ರೊನಾಲ್ಡ್ ಮೆಲ್ಜಾಕ್ ಎಂಬ ಕೆನಡದ ವಿಜ್ಞಾನಿ ನೋವನ್ನು ಅಳೆಯಲು 78 ಶಬ್ದಗಳ ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದ. ಅಮೇರಿಕದ ಸಂಧಿವಾತ ತಜ್ಞರು 1990ರಲ್ಲಿ ಮೈಮೇಲೆ 18 ಜಾಗ ಗುರುತಿಸಿ, 11ರಲ್ಲಿ ಒತ್ತಿದಾಗ ನೋಯಬೇಕು ಎಂದಿದ್ದರು. 2010ರಲ್ಲಿ ಅವರೇ ಆ ಒತ್ತುವಿಕೆಯನ್ನು ಕೈಬಿಟ್ಟು, 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ದಣಿವೆಷ್ಟು, ನಿದ್ದೆ ಹೇಗೆ, ನೆನಪು ಮಸುಕಾಗಿದೆಯೇ, ಮೂರು ತಿಂಗಳಿಂದ ಇದೆಯೇ ಎಂದು ರೋಗಿಯನ್ನೇ ಕೇಳತೊಡಗಿದರು. ನಮ್ಮ ನುಡಿಯಲ್ಲಿ ಚಳುಕು, ಸೆಳೆತ, ಉರಿ, ಜೋಮು, ಕಡಿತ ಎಂದು ನೋವಿಗೆ ಎಷ್ಟು ಹೆಸರು! ಹೇಳುವ ಬಾಯಿ ಬಡವಾಗಿಲ್ಲ. ಕೇಳುವ ಕಿವಿ ಬಡವಾಗಿದೆ.

ಹೀಗಾದರೆ ಸುಳ್ಳು ಹೇಳುವವರು ಲಾಭ ಪಡೆಯುವುದಿಲ್ಲವೇ? ಒಬ್ಬಿಬ್ಬರು ಪಡೆಯಬಹುದು. ಯಾವ ಲಾಭ? ದಿನದ ಕೂಲಿ ಕಳೆದುಕೊಂಡು ಬೈಗುಳ ತಿನ್ನುವುದೇ? ಆ ಒಬ್ಬಿಬ್ಬರಿಗೆ ಹೆದರಿ ನೂರು ಮಂದಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಇದಕ್ಕೆ ಪೂರ್ಣ ಗುಣವಾಗುವ ಮದ್ದಿಲ್ಲ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಾಬಾಲಿನ್ ಕೆಲವರಿಗೆ ಕೊಂಚ ನೆರವಾಗುತ್ತವೆ; ಸ್ಟಿರಾಯ್ಡ್ ಸೂಜಿ ನೆರವಾಗದು. ಯುರೋಪಿನ ತಜ್ಞರು 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ಗಟ್ಟಿಯಾಗಿ ಎತ್ತಿಹಿಡಿದದ್ದು ವ್ಯಾಯಾಮ ಒಂದನ್ನೇ. "ಹೊಲದಾಗ ದುಡಿಯಾಕಿಗೆ ಎಂಥಾ ವ್ಯಾಯಾಮ?" ಎಂದು ನಮ್ಮ ಜನ ನಗುತ್ತಾರೆ. ಮೇಸ್ತ್ರಿಯ ಗಡಿಯಾರಕ್ಕೆ ಬಾಗುವ ದುಡಿತ ಬೇರೆ, ತನ್ನ ಮೈಯ ಅಳತೆಗೆ ದಿನಕ್ಕಿಷ್ಟೆಂದು ಏರಿಸುವ ನಡಿಗೆ ಬೇರೆ. ಹಗುರಾದ ದಿನ ಎರಡು ದಿನದ ಕೆಲಸ ಮುಗಿಸಿದರೆ ಮೂರು ದಿನ ಹಾಸಿಗೆಯೇ ಗತಿ. ಆದುದರಿಂದ ದುಡಿತವನ್ನು ಹಂಚಿ ಹಾಕಬೇಕು, ಹೊತ್ತಿಗೆ ಮಲಗಬೇಕು.

ಆದರೆ ಆಕೆ ನಡೆಯಲು ಹೊರಟರೆ ನೀರು ಹೊರುವವರಾರು? ರೊಟ್ಟಿ ಬಡಿಯುವವರಾರು? ಈ ರೋಗ ಹೆಂಗಸರಲ್ಲೇ ಹೆಚ್ಚು. ಹಾಗಾಗಿ ಚಿಕಿತ್ಸೆಯ ಅರ್ಧ ಭಾಗ ಔಷಧದಂಗಡಿಯಲ್ಲಿಲ್ಲ. ಅದು ಕೊಡ ಎತ್ತಬೇಕಾದ ಗಂಡಸಿನ ಹೆಗಲಲ್ಲಿದೆ. ಸರಕಾರವೂ ತಪ್ಪಿಸಿಕೊಳ್ಳುವಂತಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಎಣಿಸಿದೆ, ಈ ನೋವಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ.

ಪಟ್ಟಿ ಬದಲಾಗಲು ವರ್ಷಗಳು ಬೇಕಾದಾವು. ಮನೆಯ ಮಾತು ಬದಲಾಗಲು ಇಂದಿನ ಸಂಜೆ ಸಾಕು. "ನೋಯತೈತಿ" ಎಂದವಳಿಗೆ "ಎಲ್ಲಿ, ಹೆಂಗ?" ಎಂದು ಕೇಳಿ, ಕೇಳಿ, ಕೊಡ ಎತ್ತಿಕೊಳ್ಳಿ. ಅಕ್ಕನ ಮುಂದೆ ಹೋಗಿ ನಾನು ಈಗ ಮಾಡಬೇಕಾದದ್ದೂ ಅದೇ.