ಮುಟ್ಟಿ ನೋಡಿ, ಎತ್ತಿ ನೋಡಿ

ವಸ್ತುಸಂಗ್ರಹಾಲಯ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ ಮಕ್ಕಳೇ? ಗಾಜಿನ ಪೆಟ್ಟಿಗೆ, ಅದರೊಳಗೆ ಒಂದು ಹಳೆಯ ಕತ್ತಿ, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ, ಅಲ್ಲವೇ? ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದರೆ ಶಾಲೆಯ ಪ್ರವಾಸ ಮುಗಿಯಿತು. ಬಸ್ಸಿನಲ್ಲಿ ತಿಂದ ಚಿತ್ರಾನ್ನ ನೆನಪಿರುತ್ತದೆ. ಕತ್ತಿ ಯಾರದೆಂಬುದು ಮರೆತಿರುತ್ತದೆ.

‘ಮುಟ್ಟಿ ನೋಡಿ’ ಎಂದು ಕರೆಯುವ ಸಂಗ್ರಹಾಲಯವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬೋಸ್ಟನ್ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಹೆಸರು ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್. ಮಗಳ ಮನೆಗೆ ಹೋಗಿದ್ದಾಗ ನೋಡಿ ಬಂದೆ. ಅದು ಒಂದು ಕಟ್ಟಡವಲ್ಲ, ಒಂದು ಊರು. 1790ರಿಂದ 1830ರ ದಶಕದವರೆಗೆ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಹಳ್ಳಿ ಹೇಗಿತ್ತೋ ಹಾಗೆ ಅದನ್ನು ಕಟ್ಟಿದ್ದಾರೆ. ಬೇರೆ ಬೇರೆ ಊರುಗಳಲ್ಲಿದ್ದ ಹಳೆಯ ಮನೆ, ಅಂಗಡಿ, ಶಾಲೆ, ಗಿರಣಿಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. 40ಕ್ಕೂ ಹೆಚ್ಚು ಕಟ್ಟಡಗಳಿವೆ. ಕಮ್ಮಾರ ಕುಲುಮೆ ಊದುತ್ತಾನೆ, ಕುಂಬಾರ ಚಕ್ರ ತಿರುಗಿಸುತ್ತಾನೆ, ಹೊಳೆಯ ನೀರಿನಿಂದ ಮರ ಕೊಯ್ಯುವ ಗರಗಸ ಓಡುತ್ತದೆ. ಎಲ್ಲರೂ ಆ ಕಾಲದ ಉಡುಪಿನಲ್ಲೇ ಇರುತ್ತಾರೆ.

ಈ ಊರು ಹುಟ್ಟಿದ ಕಥೆ ತಮಾಷೆಯದು. ಪಕ್ಕದ ಸೌತ್‌ಬ್ರಿಜ್‌ನಲ್ಲಿ ವೆಲ್ಸ್ ಎಂಬ ಕುಟುಂಬ ಕನ್ನಡಕದ ಕಾರ್ಖಾನೆ ನಡೆಸುತ್ತಿತ್ತು. 1926ರಲ್ಲಿ ಒಂದು ದಿನ ಆಲ್ಬರ್ಟ್ ವೆಲ್ಸ್ ಅವರ ಗಾಲ್ಫ್ ಆಟ ಮಳೆಯಿಂದ ನಿಂತುಹೋಯಿತು. ಹೊತ್ತು ಕಳೆಯಲು ಅವರು ಹಳೆಯ ಸಾಮಾನು ಕೊಳ್ಳಲು ಹೊರಟರು. ಆ ಹುಚ್ಚು ಹಿಡಿದದ್ದು ಬಿಡಲೇ ಇಲ್ಲ. ಮನೆಯ ತುಂಬ ಹಳೆಯ ಉಪಕರಣಗಳು ತುಂಬಿದವು. ಇವನ್ನೆಲ್ಲ ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅವರ ಮಗ ಜಾರ್ಜ್ ಹೇಳಿದ್ದು ಇದು: ಸಾಮಾನುಗಳನ್ನು ಕಪಾಟಿನಲ್ಲಿ ಇಡುವುದಕ್ಕಿಂತ ಒಂದು ಹಳ್ಳಿಯಲ್ಲಿ ಕೆಲಸಕ್ಕೆ ಹಚ್ಚೋಣ. ಆ ಹಳ್ಳಿ 1946ರಲ್ಲಿ ಜನರಿಗೆ ತೆರೆಯಿತು. ಇಂಥ ಬಯಲು ಸಂಗ್ರಹಾಲಯಗಳಿಗೆಲ್ಲ ಹಿರಿಯಣ್ಣ ಎಂದರೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಸ್ಕಾನ್ಸೆನ್. ಅದನ್ನು ಆರ್ಟುರ್ ಹಜೇಲಿಯುಸ್ 1891ರಲ್ಲೇ ತೆರೆದಿದ್ದರು.

ಸ್ಟರ್‌ಬ್ರಿಜ್‌ಗೆ ಶಾಲಾ ಮಕ್ಕಳು ಬಸ್ಸುಗಟ್ಟಲೆ ಬರುತ್ತಾರೆ. ಹೆಗಲ ಮೇಲೆ ನೊಗದಂಥ ಮರದ ಅಡ್ಡೆ ಇಟ್ಟು, ಎರಡೂ ತುದಿಗೆ ನೀರಿನ ಬಕೆಟ್ಟು ತೂಗಿಸಿಕೊಂಡು ನಡೆದು ನೋಡಿದವರಿಗೆ ಒಂದು ವಿಷಯ ತಾನಾಗಿ ತಿಳಿಯುತ್ತದೆ: ಆ ಕಾಲದಲ್ಲಿ ಸ್ನಾನ ಅಪರೂಪವಾಗಿದ್ದುದು ಏಕೆಂದು. ಮೇಣದಬತ್ತಿ ಮಾಡುವುದಾದರೆ ಬತ್ತಿಯ ದಾರವನ್ನು ಕರಗಿದ ಕೊಬ್ಬಿನಲ್ಲಿ ಅದ್ದಬೇಕು, ಆರಿಸಬೇಕು, ಮತ್ತೆ ಅದ್ದಬೇಕು. ಒಂದೊಂದು ಸಲಕ್ಕೆ ಕಾಗದದಷ್ಟು ತೆಳುವಾದ ಪದರ. ಹೀಗೆ ಹಲವಾರು ಸಲ ಅದ್ದಿದವರು ರಾತ್ರಿ ಸುಮ್ಮನೆ ದೀಪ ಉರಿಸುವುದಿಲ್ಲ.

ನನಗೆ ಹಿಡಿಸಿದ್ದು ಉಣ್ಣೆ ಹಿಂಜುವ ಗಿರಣಿ. ಮೊದಲು ಮುಳ್ಳುಹಲ್ಲಿನ ಎರಡು ಹಲಗೆಗಳಿಂದ ಕೈಯಲ್ಲೇ ಉಣ್ಣೆ ಹಿಂಜಿ ನೋಡಬೇಕು. ಸ್ವಲ್ಪ ಹೊತ್ತಿಗೇ ಮಣಿಕಟ್ಟು ನೋಯುತ್ತದೆ. ಆಮೇಲೆ ಗಿರಣಿಗೆ ಹೋದರೆ ನೀರಿನ ಚಕ್ರದಿಂದ ಓಡುವ ಯಂತ್ರ ಅದೇ ಕೆಲಸವನ್ನು ಸರಸರನೆ ಮುಗಿಸುತ್ತದೆ. ‘ಕೈಗಾರಿಕಾ ಕ್ರಾಂತಿಯ ಪರಿಣಾಮಗಳನ್ನು ಬರೆಯಿರಿ’ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಾರಲ್ಲ, ಅದರ ಉತ್ತರ ಆ ಮಣಿಕಟ್ಟಿನ ನೋವಿನಲ್ಲೇ ಇದೆ.

ಅಲ್ಲಿ ಒಂದೇ ಕೋಣೆಯ ಶಾಲೆಯೂ ಇದೆ, ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಡಿಯಾ ಊರಿನಿಂದ ತಂದದ್ದು. ಎಲ್ಲ ವಯಸ್ಸಿನವರಿಗೂ ಒಬ್ಬರೇ ಮೇಷ್ಟ್ರು, ಹೆಬ್ಬಾತಿನ ಗರಿಯ ಲೇಖನಿ, ಗಟ್ಟಿಯಾಗಿ ಒಪ್ಪಿಸುವ ಪಾಠ. ದೊಡ್ಡ ಹುಡುಗರು ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಷ್ಟೇ ಶಾಲೆಗೆ ಬರುತ್ತಿದ್ದರು. ಅಜ್ಜಂದಿರೇ, ನಮ್ಮ ಕೂಲಿಮಠದ ನೆನಪಾಯಿತೇ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಕಾಲು ಎಲ್ಲಿ ನಿಲ್ಲುತ್ತದೆಂದು ನೀವೇ ಊಹಿಸಬಹುದು. ಕನೆಟಿಕಟ್ ರಾಜ್ಯದ ಥಾಮ್ಸನ್ ಎಂಬ ಊರಿನಿಂದ ತಂದ, ಸುಮಾರು 1835ರ ಒಂದು ಪುಟ್ಟ ಬ್ಯಾಂಕು ಅಲ್ಲಿದೆ. ಆಗ ಅಮೆರಿಕ ಸರ್ಕಾರ ಕಾಗದದ ನೋಟು ಅಚ್ಚು ಹಾಕುತ್ತಿರಲಿಲ್ಲ. ಒಂದೊಂದು ಬ್ಯಾಂಕೂ ತನ್ನದೇ ನೋಟು ಹೊರಡಿಸುತ್ತಿತ್ತು. ದೂರದ ಊರಿನ ಬ್ಯಾಂಕಿನ ನೋಟು ತಂದರೆ ಅಂಗಡಿಯವನು ಪೂರ್ತಿ ಬೆಲೆ ಕೊಡುತ್ತಿರಲಿಲ್ಲ. ಖೋಟಾ ನೋಟು ಗುರುತಿಸಲು ಪುಸ್ತಕಗಳೇ ಮಾರಾಟಕ್ಕಿದ್ದವು. ಅಂಥ ಕೌಂಟರಿನಲ್ಲಿ ಕೂತು ಸಂಜೆ ಲೆಕ್ಕ ಹೊಂದಿಸಬೇಕಾಗಿದ್ದ ಗುಮಾಸ್ತನ ಪಾಡು ನೆನೆದು ನನಗೆ ಈಗಲೂ ಬೆವರುತ್ತದೆ.

ಹಳ್ಳಿಯ ಜನ ಮಾತ್ರ ನೋಟು ನಾಣ್ಯಗಳನ್ನು ಮುಟ್ಟುತ್ತಿದ್ದುದು ಕಡಿಮೆ. ರೈತನ ಹೆಂಡತಿ ಅಂಗಡಿಗೆ ಬೆಣ್ಣೆ ತಂದರೆ ಅಂಗಡಿಯವನು ಪುಸ್ತಕದಲ್ಲಿ ಜಮಾ ಬರೆಯುತ್ತಿದ್ದ. ಬಟ್ಟೆ, ಚಹಾ ಒಯ್ದರೆ ಖರ್ಚು ಬರೆಯುತ್ತಿದ್ದ. ಹುಡುಗಿಯರು ಮನೆಯಲ್ಲಿ ಕೂತು ತಾಳೆಗರಿಯ ಟೋಪಿ ಹೆಣೆಯುತ್ತಿದ್ದರು. ಗರಿ ಬರುತ್ತಿದ್ದುದು ದೂರದ ಕ್ಯೂಬಾದಿಂದ. ಹೆಣೆದ ಟೋಪಿಗೆ ಬದಲಾಗಿ ಅವರಿಗೆ ಅಂಗಡಿಯ ಸಾಮಾನು ಸಿಗುತ್ತಿತ್ತು.

ಈ ಟೋಪಿಯ ಹಿಂದೆ ಇನ್ನೊಂದು ಕಥೆ ಇದೆ. ಇವುಗಳಲ್ಲಿ ಎಷ್ಟೋ ಟೋಪಿಗಳು ದಕ್ಷಿಣದ ರಾಜ್ಯಗಳಿಗೆ ಹೋಗಿ, ಹೊಲಗಳಲ್ಲಿ ಬಿಸಿಲಿಗೆ ದುಡಿಯುತ್ತಿದ್ದ ಗುಲಾಮರ ತಲೆ ಸೇರುತ್ತಿದ್ದವು. ಆ ಗುಲಾಮರು ಬೆಳೆದ ಹತ್ತಿ ಉತ್ತರದ ಗಿರಣಿಗಳಿಗೆ ಬಂದು, ಬಟ್ಟೆಯಾಗಿ, ಇದೇ ಹಳ್ಳಿಯ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅಮೆರಿಕದಲ್ಲಿ ಗುಲಾಮಗಿರಿ ಪೂರ್ತಿಯಾಗಿ ರದ್ದಾದದ್ದು 1865ರಲ್ಲಿ. ತಾಳೆಗರಿ ಕೈಗೆ ಒರಟು ಎಂಬುದನ್ನು ಮಗು ಮುಟ್ಟಿ ಕಲಿಯುತ್ತದೆ. ಆ ಟೋಪಿ ಯಾರ ತಲೆಗೆ ಹೋಯಿತು ಎಂಬುದನ್ನು ಕೈ ಹೇಳುವುದಿಲ್ಲ. ಅದನ್ನು ದೊಡ್ಡವರು ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಹಳೆಯ ಕಾಲವೆಂದರೆ ಒಂದು ಪಿಕ್‌ನಿಕ್ ಎಂದುಕೊಂಡು ಮಗು ಮನೆಗೆ ಹೋಗುತ್ತದೆ. ಹತ್ತು ನಿಮಿಷ ಉಣ್ಣೆ ಹಿಂಜಿ ಬಿಡುವುದಕ್ಕೂ ಜೀವಮಾನವೆಲ್ಲ ಹಿಂಜುವುದಕ್ಕೂ ಬಹಳ ವ್ಯತ್ಯಾಸವಿದೆ.

ಆ ಊರಿನಲ್ಲಿ ಓಡಾಡುತ್ತ ನನಗೆ ಒಂದು ಯೋಚನೆ ಬಂತು. 1830ರಲ್ಲಿ ಬದುಕಿದ್ದವರು ಈಗ ಒಬ್ಬರೂ ಇಲ್ಲ. ಹಾಗಾಗಿ ಅಲ್ಲಿಯ ಕೆಲಸಗಾರರು ಹಳೆಯ ದಿನಚರಿ, ಲೆಕ್ಕದ ಪುಸ್ತಕ, ಮಣ್ಣಿನಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಓದಿ ಓದಿ ಆ ಕೆಲಸಗಳನ್ನು ಹೊಸದಾಗಿ ಕಲಿಯಬೇಕಾಗಿದೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಬೀಸುಕಲ್ಲಿಗೆ ಒಂದು ಹಿಡಿಗೆ ಎಷ್ಟು ರಾಗಿ ಹಾಕಬೇಕು, ಒರಳಿನಲ್ಲಿ ಉದ್ದು ರುಬ್ಬುವಾಗ ನೀರು ಯಾವಾಗ ಚಿಮುಕಿಸಬೇಕು ಎಂಬುದು ಅಜ್ಜಿಯ ಕೈಗೆ ಇನ್ನೂ ಗೊತ್ತು. ಆ ಒರಳು ಎಷ್ಟೋ ಮನೆಗಳಲ್ಲಿ ಈಗ ಅಂಗಳದಲ್ಲಿ ಹೂಕುಂಡವಾಗಿದೆ. ಕಲ್ಲು ಇನ್ನೂ ನೂರಾರು ವರ್ಷ ಇರುತ್ತದೆ, ಅಜ್ಜಿ ಇರುವುದಿಲ್ಲ.

ಪ್ರವಾಸ ಹೋಗುವುದಾದರೆ ನಮ್ಮಲ್ಲೂ ಒಳ್ಳೆಯ ಜಾಗಗಳಿವೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಮೊಮ್ಮಕ್ಕಳ ಕೈ ಹಿಡಿದು ಹೋಗಿ, ‘ಇದು ನಮ್ಮ ಮನೆಯಲ್ಲೂ ಇತ್ತು’ ಎಂದು ಹೇಳಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅದರ ಮುಂದೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುತ್ತಿದ್ದವರು ಯಾರು, ಆ ಕೆಲಸಕ್ಕಾಗಿ ಶಾಲೆ ಬಿಟ್ಟವರು ಯಾರು, ಊರ ಬಾವಿಯ ಹಗ್ಗವನ್ನು ಯಾರಿಗೆ ಮುಟ್ಟಗೊಡುತ್ತಿರಲಿಲ್ಲ ಎಂಬುದನ್ನೂ ಹೇಳಿ. ಹೇಳುವುದು ಸುಲಭವಲ್ಲ, ಗೊತ್ತು. ಮಕ್ಕಳು ನಾವಂದುಕೊಂಡಿದ್ದಕ್ಕಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಮಕ್ಕಳೇ, ಈ ಭಾನುವಾರಕ್ಕೆ ನಿಮಗೊಂದು ಕೆಲಸ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಒಂದು ಹಳೆಯ ಉಪಕರಣ ಹುಡುಕಿ: ಮೊರ, ಕಡೆಗೋಲು, ಸೇರು, ಬೀಸುಕಲ್ಲು, ಯಾವುದಾದರೂ ಸರಿ. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹದಿನೈದು ನಿಮಿಷ ಅದರಲ್ಲಿ ಕೆಲಸ ಮಾಡಿ, ಗಡಿಯಾರ ನೋಡಿಕೊಂಡು. ಆಮೇಲೆ ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ಮಾಡುತ್ತಿದ್ದರು? ದಿನಕ್ಕೆ ಎಷ್ಟು ಹೊತ್ತು? ಅದಕ್ಕೆ ಅವರಿಗೆ ಏನು ಸಿಗುತ್ತಿತ್ತು? ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ, ಹೇಳಿದವರ ಹೆಸರು ಮತ್ತು ತಾರೀಖಿನ ಸಮೇತ. ತಾರೀಖು ಹಾಕುವುದನ್ನು ಮರೆಯಬೇಡಿ. ತಾರೀಖಿಲ್ಲದ ಚೀಟಿಯನ್ನು ನಮ್ಮ ಕೌಂಟರಿನಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ.